ಜೋಡಿಯ ಆಟ, ಒಂಟಿ ಲೆಕ್ಕ: ಅಶ್ವಿನಿ ಪೊನ್ನಪ್ಪ ವೃತ್ತಿಜೀವನ ಎತ್ತಿರುವ ಪ್ರಶ್ನೆ

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 2024ರ ಜುಲೈ 30ರಂದು ಕರ್ನಾಟಕದ ಅಶ್ವಿನಿ ಪೊನ್ನಪ್ಪ ಮತ್ತು ಅವರ ಜೊತೆಗಾರ್ತಿ ತನಿಶಾ ಕ್ರಾಸ್ಟೊ, ಆಸ್ಟ್ರೇಲಿಯಾದ ಸೆತ್ಯಾನಾ ಮಪಾಸಾ ಮತ್ತು ಏಂಜೆಲಾ ಯು ಜೋಡಿಗೆ 15-21, 10-21ರಿಂದ ಶರಣಾದರು. ಗುಂಪು ಹಂತದ ಮೂರೂ ಪಂದ್ಯಗಳಲ್ಲಿ ಸೋಲೇ ಗತಿಯಾಯಿತು. ಇದು ತಮ್ಮ ಕೊನೆಯ ಒಲಿಂಪಿಕ್ಸ್ ಎಂದು 34 ವರ್ಷದ ಅಶ್ವಿನಿ ಕಣ್ಣೀರಿನೊಂದಿಗೆ ಅಂದೇ ಪ್ರಕಟಿಸಿದರು. ವಿದಾಯದ ಆ ಮಾತು ಮಾಸುವ ಮೊದಲೇ, ಅಂದರೆ ಎರಡು ವಾರಗಳ ಒಳಗೆ, ಅವರ ಹೆಸರು ಮತ್ತೆ ಸುದ್ದಿಯಾಯಿತು. ಈ ಬಾರಿ ಕಾರಣ ಆಟವಲ್ಲ, ಹಣ. ಪ್ಯಾರಿಸ್ ಸಿದ್ಧತೆಗಾಗಿ ಅವರ ಮೇಲೆ ಸುಮಾರು ಒಂದೂವರೆ ಕೋಟಿ ರೂಪಾಯಿ ವೆಚ್ಚವಾಗಿದೆ ಎಂದು ಸರ್ಕಾರಿ ಲೆಕ್ಕ ಹೇಳಿತು. ಅಂತಹ ನೆರವು ತಮಗೆ ದೊರೆತೇ ಇಲ್ಲ ಎಂದು ಅಶ್ವಿನಿ ಬಹಿರಂಗವಾಗಿ ನಿರಾಕರಿಸಿದರು.

ಈ ಜಟಾಪಟಿ ಕೆಲವೇ ದಿನಗಳಲ್ಲಿ ಪತ್ರಿಕೆಗಳ ಪುಟಗಳಿಂದ ಮರೆಯಾಯಿತು. ಆದರೆ ಅದರ ಹಿಂದಿರುವ ಪ್ರಶ್ನೆ ಹಳೆಯದು. ಡಬಲ್ಸ್ ಆಟವನ್ನೇ ವೃತ್ತಿಯನ್ನಾಗಿ ಆರಿಸಿಕೊಂಡವರನ್ನು ಭಾರತೀಯ ಕ್ರೀಡಾ ವ್ಯವಸ್ಥೆ ಯಾವ ಅಳತೆಗೋಲಿನಿಂದ ಅಳೆಯುತ್ತದೆ? ಇಬ್ಬರು ಸೇರಿ ಆಡುವ ಆಟಕ್ಕೆ ಒಬ್ಬೊಬ್ಬರ ಲೆಕ್ಕ ಬರೆಯುವ ಪದ್ಧತಿ ಎಷ್ಟರಮಟ್ಟಿಗೆ ಸರಿ? ಹದಿನಾಲ್ಕು ವರ್ಷಗಳಿಗೂ ಮಿಕ್ಕಿದ ಅಶ್ವಿನಿಯವರ ಅಂತರರಾಷ್ಟ್ರೀಯ ವೃತ್ತಿಜೀವನವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತ.

ಅಂಕ ಜೋಡಿಯದು, ನಷ್ಟ ಒಬ್ಬರದು

ಸಿಂಗಲ್ಸ್ ಆಟಗಾರ್ತಿಯೊಬ್ಬರು ಗಳಿಸುವ ರ‍್ಯಾಂಕಿಂಗ್ ಅಂಕ ಅವರದೇ ಆಸ್ತಿ. ತರಬೇತುದಾರ ಬದಲಾದರೂ, ಅಕಾಡೆಮಿ ಬದಲಾದರೂ ಅದು ಅವರ ಬೆನ್ನಿಗಿರುತ್ತದೆ. ಡಬಲ್ಸ್‌ನಲ್ಲಿ ಹಾಗಲ್ಲ. ವಿಶ್ವ ಬ್ಯಾಡ್ಮಿಂಟನ್ ಫೆಡರೇಷನ್ನಿನ ಪಟ್ಟಿಯಲ್ಲಿ ಅಂಕಗಳು ಜೋಡಿಯ ಹೆಸರಿಗೆ ಜಮೆಯಾಗುತ್ತವೆ. ಹಿಂದಿನ 52 ವಾರಗಳ ಅತ್ಯುತ್ತಮ ಹತ್ತು ಫಲಿತಾಂಶಗಳೇ ಆ ಜೋಡಿಯ ಸ್ಥಾನವನ್ನು ನಿರ್ಧರಿಸುತ್ತವೆ. ಜೊತೆಗಾರ್ತಿ ಗಾಯಗೊಂಡರೆ, ನಿವೃತ್ತಿ ಹೊಂದಿದರೆ ಅಥವಾ ಬೇರೊಬ್ಬರೊಡನೆ ಆಡಲು ತೀರ್ಮಾನಿಸಿದರೆ ಉಳಿದವರು ಪಟ್ಟಿಯ ಕೆಳಗಿನಿಂದ ಹೊಸದಾಗಿ ಏರಬೇಕು. ಚಿಕ್ಕ ಟೂರ್ನಿಗಳಲ್ಲಿ ಆಡಿ, ಸ್ವಂತ ಖರ್ಚಿನಲ್ಲಿ ಊರೂರು ಸುತ್ತಿ, ದೊಡ್ಡ ಟೂರ್ನಿಗಳ ಬಾಗಿಲನ್ನು ಮತ್ತೆ ತಟ್ಟಬೇಕು.

ಆಟದ ಒಳಗಿನ ಹೊಂದಾಣಿಕೆಯ ಮಾತು ಬೇರೆಯೇ ಇದೆ. ಸಿಂಗಲ್ಸ್ ಅಂಗಣದ ಅಗಲ 17 ಅಡಿ, ಡಬಲ್ಸ್‌ನದು 20 ಅಡಿ. ಈ ಜಾಗವನ್ನು ಇಬ್ಬರು ಕ್ಷಣಕ್ಷಣಕ್ಕೂ ಹಂಚಿಕೊಳ್ಳಬೇಕು. ದಾಳಿಯ ವೇಳೆ ಒಬ್ಬರು ಬಲೆಯ ಬಳಿ, ಇನ್ನೊಬ್ಬರು ಹಿಂದೆ. ರಕ್ಷಣೆಯ ವೇಳೆ ಇಬ್ಬರೂ ಅಕ್ಕಪಕ್ಕ. ನಡುವೆ ಬಿದ್ದ ಶಟಲ್ ಯಾರದು ಎಂಬುದನ್ನು ಮಾತಿಲ್ಲದೆ ತೀರ್ಮಾನಿಸುವ ಅಭ್ಯಾಸ ತಿಂಗಳುಗಳಲ್ಲಿ ಬರುವಂತಹುದಲ್ಲ. ಆದ್ದರಿಂದ ಒಂದು ಜೋಡಿ ಮುರಿದಾಗ ಕಳೆದುಹೋಗುವುದು ಅಂಕಗಳು ಮಾತ್ರವಲ್ಲ, ವರ್ಷಗಳ ಈ ಬಂಡವಾಳ ಕೂಡ. ಅಶ್ವಿನಿ ಮಹಿಳಾ ಡಬಲ್ಸ್‌ನಲ್ಲಿ ಇಂತಹ ಬಂಡವಾಳವನ್ನು ಮೂರು ಬಾರಿ ಕಟ್ಟಿದರು.

ಜ್ವಾಲಾ ಜೊತೆಗಿನ ಏರು

ಬೆಂಗಳೂರಿನಲ್ಲಿ 1989ರಲ್ಲಿ ಜನಿಸಿದ ಅಶ್ವಿನಿ ಕೊಡವ ಮನೆತನದವರು. ಹಾಕಿಗೆ ಹೆಸರಾದ ಕೊಡಗಿನ ನಂಟಿದ್ದರೂ ಅವರು ಹಿಡಿದದ್ದು ಬ್ಯಾಡ್ಮಿಂಟನ್ ರ‍್ಯಾಕೆಟ್. ಶ್ರುತಿ ಕುರಿಯನ್ ಅವರೊಂದಿಗೆ ದೀರ್ಘಕಾಲ ಆಡಿದ್ದ ಹೈದರಾಬಾದಿನ ಜ್ವಾಲಾ ಗುಟ್ಟಾ ಹೊಸ ಜೊತೆಗಾರ್ತಿಯನ್ನು ಅರಸುತ್ತಿದ್ದ ಕಾಲದಲ್ಲಿ ಈ ಇಬ್ಬರೂ ಒಂದಾದರು. ಜ್ವಾಲಾ ಎಡಗೈ ಆಟಗಾರ್ತಿ; ಬಲೆಯ ಬಳಿಯ ಚುರುಕು ಮತ್ತು ಸರ್ವಿಸ್ ಅವರ ಅಸ್ತ್ರ. ಅಂಗಣದ ಹಿಂಭಾಗದಿಂದ ಜಿಗಿದು ಹೊಡೆಯುವ ಸ್ಮ್ಯಾಷ್ ಅಶ್ವಿನಿಯ ಬಲ. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿದರು.

ಫಲ ಬೇಗನೆ ದೊರೆಯಿತು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಕೊನೆಯ ದಿನ ಈ ಜೋಡಿ ಸಿಂಗಪುರದ ಶಿಂಟಾ ಮುಲಿಯಾ ಸಾರಿ ಮತ್ತು ಯಾವೊ ಲೀ ಅವರನ್ನು ಸೋಲಿಸಿ ಚಿನ್ನ ಗೆದ್ದಿತು. ಮಹಿಳಾ ಡಬಲ್ಸ್‌ನಲ್ಲಿ ಭಾರತಕ್ಕೆ ಅದು ಮೊದಲ ಕಾಮನ್‌ವೆಲ್ತ್ ಚಿನ್ನ. ಅದೇ ದಿನ ಸೈನಾ ನೆಹ್ವಾಲ್ ಸಿಂಗಲ್ಸ್ ಚಿನ್ನ ಗೆದ್ದರು. ಭಾರತದ ಚಿನ್ನದ ಸಂಖ್ಯೆ 38ಕ್ಕೇರಿತು. 37 ಚಿನ್ನ ಗಳಿಸಿದ್ದ ಇಂಗ್ಲೆಂಡ್ ಮೂರನೆಯ ಸ್ಥಾನಕ್ಕೆ ಸರಿಯಿತು. ಡಬಲ್ಸ್‌ನ ಆ ಒಂದು ಚಿನ್ನ ಇಲ್ಲದಿದ್ದಲ್ಲಿ ದೇಶದ ಆ ಮುನ್ನಡೆ ಇರುತ್ತಿರಲಿಲ್ಲ. ನೆನಪಿನಲ್ಲಿ ಉಳಿದದ್ದು ಮಾತ್ರ ಹೆಚ್ಚಾಗಿ ಸೈನಾ ಗೆಲುವು.

ಮರುವರ್ಷ ಲಂಡನ್ನಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇವರು ಕಂಚು ಗಳಿಸಿದರು. 1983ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪ್ರಕಾಶ್ ಪಡುಕೋಣೆ ಗೆದ್ದ ಕಂಚಿನ ನಂತರ, 28 ವರ್ಷಗಳ ಅಂತರದಲ್ಲಿ ಭಾರತಕ್ಕೆ ಬಂದ ಎರಡನೆಯ ವಿಶ್ವ ಪದಕ ಅದು. ಸೈನಾ ಆಗಲೀ ಪಿ.ವಿ. ಸಿಂಧು ಆಗಲೀ ಆ ವೇದಿಕೆಯೇರುವ ಮೊದಲೇ ಅಲ್ಲಿ ನಿಂತವರು ಒಂದು ಡಬಲ್ಸ್ ಜೋಡಿ ಎಂಬುದು ಗಮನಾರ್ಹ. 2012ರಲ್ಲಿ ಅಶ್ವಿನಿಗೆ ಅರ್ಜುನ ಪ್ರಶಸ್ತಿ ಸಂದಿತು.

ಒಂದು ಪಾಯಿಂಟ್, ಒಂದು ಹರಾಜು

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಜಪಾನ್ ಜೋಡಿಗೆ ಸೋತ ಇವರು ಚೀನಾ ತೈಪೆ ಮತ್ತು ಸಿಂಗಪುರ ಜೋಡಿಗಳನ್ನು ಮಣಿಸಿದರು. ಗುಂಪಿನ ಮೂರು ಜೋಡಿಗಳು ತಲಾ ಎರಡು ಗೆಲುವು ಪಡೆದವು. ಗಳಿಸಿದ ಮತ್ತು ಬಿಟ್ಟುಕೊಟ್ಟ ಪಾಯಿಂಟುಗಳನ್ನು ಲೆಕ್ಕ ಹಾಕಿದಾಗ ಭಾರತದ ಜೋಡಿ ಒಂದೇ ಒಂದು ಪಾಯಿಂಟಿನಿಂದ ಕ್ವಾರ್ಟರ್‌ಫೈನಲ್ ತಪ್ಪಿಸಿಕೊಂಡಿತು. ಜಪಾನ್ ಮತ್ತು ತೈಪೆ ಜೋಡಿಗಳ ಪಂದ್ಯವನ್ನು ಪರಿಶೀಲಿಸಬೇಕೆಂದು ಭಾರತ ಸಲ್ಲಿಸಿದ ದೂರು ತಿರಸ್ಕೃತವಾಯಿತು. ಅದೇ ಸ್ಪರ್ಧೆಯಲ್ಲಿ ಅನುಕೂಲಕರ ಎದುರಾಳಿಗಾಗಿ ಬೇಕೆಂದೇ ಸೋಲಲು ಯತ್ನಿಸಿದ ಚೀನಾ, ಇಂಡೋನೇಷ್ಯಾ ಹಾಗೂ ದಕ್ಷಿಣ ಕೊರಿಯಾಗಳ ಒಟ್ಟು ನಾಲ್ಕು ಜೋಡಿಗಳನ್ನು ಹೊರಹಾಕಲಾಯಿತು. ಹಗರಣದ ಗದ್ದಲದಲ್ಲಿ ಭಾರತದ ಜೋಡಿಯ ಒಂದು ಪಾಯಿಂಟಿನ ದುಃಖ ಯಾರ ಕಿವಿಗೂ ಬೀಳಲಿಲ್ಲ.

ಮುಂದಿನ ವರ್ಷ ನಡೆದ ಇನ್ನೊಂದು ಘಟನೆ ಡಬಲ್ಸ್ ಆಟದ ಮಾರುಕಟ್ಟೆ ಬೆಲೆಯನ್ನು ನೇರವಾಗಿಯೇ ತೋರಿಸಿತು. 2013ರ ಇಂಡಿಯನ್ ಬ್ಯಾಡ್ಮಿಂಟನ್ ಲೀಗ್‌ನಲ್ಲಿ ಜ್ವಾಲಾ ಮತ್ತು ಅಶ್ವಿನಿ ಇಬ್ಬರೂ ಐಕಾನ್ ಆಟಗಾರ್ತಿಯರೆಂದು ಘೋಷಿತರಾಗಿದ್ದರು. ಮೂಲಬೆಲೆ 50 ಸಾವಿರ ಡಾಲರ್. ಆದರೆ ಪಂದ್ಯಾವಳಿಯ ಸ್ವರೂಪದಿಂದ ಮಹಿಳಾ ಡಬಲ್ಸ್ ಅನ್ನೇ ಕೈಬಿಟ್ಟು, ಅದರ ಜಾಗದಲ್ಲಿ ಪುರುಷರ ಇನ್ನೊಂದು ಸಿಂಗಲ್ಸ್ ಸೇರಿಸಲಾಯಿತು. ಹರಾಜಿನಲ್ಲಿ ಇವರಿಬ್ಬರ ಮೂಲಬೆಲೆಯನ್ನು ಅರ್ಧಕ್ಕೆ ಇಳಿಸಲಾಯಿತು. ಅಶ್ವಿನಿ 25 ಸಾವಿರ ಡಾಲರಿಗೆ ಪುಣೆ ತಂಡದ ಪಾಲಾದರು. ತಮಗೆ ತಿಳಿಸದೆಯೇ ಈ ತೀರ್ಮಾನ ಕೈಗೊಳ್ಳಲಾಯಿತೆಂದು ಇಬ್ಬರೂ ಆಕ್ಷೇಪಿಸಿದರು. ವಿಶ್ವ ಪದಕ ವಿಜೇತರ ಸ್ಪರ್ಧೆಯೇ ದೇಶದ ಲೀಗ್‌ನಲ್ಲಿ ಇಲ್ಲದಂತಾದದ್ದು ವಿಪರ್ಯಾಸವಲ್ಲದೆ ಮತ್ತೇನು?

ಅದೇ ವರ್ಷ ಲೀಗ್‌ನ ಪಂದ್ಯವೊಂದು ತಡವಾದ ವಿಚಾರದಲ್ಲಿ ಭಾರತ ಬ್ಯಾಡ್ಮಿಂಟನ್ ಸಂಸ್ಥೆಯ ಶಿಸ್ತು ಸಮಿತಿ ಜ್ವಾಲಾಗೆ ಆಜೀವ ನಿಷೇಧ ವಿಧಿಸುವಂತೆ ಶಿಫಾರಸು ಮಾಡಿತು. ದೆಹಲಿ ಹೈಕೋರ್ಟಿನ ಮಧ್ಯಪ್ರವೇಶದಿಂದ ಅವರಿಗೆ ಆಡುವ ಅವಕಾಶ ದೊರೆಯಿತು. ಯಾರದು ಸರಿ ಎಂಬ ಚರ್ಚೆ ಬೇರೆ. ವಿವಾದದಲ್ಲಿ ಪಾತ್ರವೇ ಇಲ್ಲದ ಅಶ್ವಿನಿಯ ಭವಿಷ್ಯವೂ ಆ ತೀರ್ಪಿನ ಮೇಲೆ ನಿಂತಿತ್ತು ಎಂಬುದು ಇಲ್ಲಿ ಮುಖ್ಯ. ಲಂಡನ್ ಬಳಿಕ ಜ್ವಾಲಾ ವಿರಾಮ ಪಡೆದಾಗ ಅಶ್ವಿನಿ ಪ್ರದ್ನ್ಯಾ ಗದ್ರೆ ಜೊತೆ ಆಡಿ ನೋಡಿದ್ದರು. ಕೊನೆಗೆ ಹಳೆಯ ಜೋಡಿಯೇ ಮತ್ತೆ ಒಂದಾಯಿತು.

ಹೀಗೆ ಮತ್ತೆ ಕೂಡಿದ ಜೋಡಿ 2014ರಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ಕಂಚು, ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದ ಬೆಳ್ಳಿ ಹಾಗೂ 2015ರಲ್ಲಿ ಕೆನಡಾ ಓಪನ್ ಪ್ರಶಸ್ತಿ ಗಳಿಸಿತು. 2014 ಮತ್ತು 2016ರ ಊಬರ್ ಕಪ್‌ಗಳಲ್ಲಿ ಕಂಚು ಗೆದ್ದ ಭಾರತ ತಂಡದಲ್ಲಿಯೂ ಇವರಿದ್ದರು. ಆದರೆ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮೂರೂ ಪಂದ್ಯಗಳನ್ನು ಸೋತರು. ಅಲ್ಲಿಗೆ ಭಾರತದ ಅತ್ಯಂತ ಯಶಸ್ವಿ ಮಹಿಳಾ ಡಬಲ್ಸ್ ಜೋಡಿಯ ಅಧ್ಯಾಯ ಮುಗಿಯಿತು.

ಮತ್ತೆ ಮೊದಲಿನಿಂದ

27ರ ವಯಸ್ಸಿನಲ್ಲಿ ಅಶ್ವಿನಿ ಎನ್. ಸಿಕ್ಕಿ ರೆಡ್ಡಿ ಜೊತೆ ಎರಡನೆಯ ಪ್ರಯಾಣ ಆರಂಭಿಸಿದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಈ ಜೋಡಿ ಕಂಚು ಪಡೆಯಿತು. ಅಲ್ಲಿಯೇ ನಡೆದ ಮಿಶ್ರ ತಂಡ ಫೈನಲ್ ಅಶ್ವಿನಿಯ ವೃತ್ತಿಜೀವನದ ಮಹತ್ವದ ಪಂದ್ಯಗಳಲ್ಲೊಂದು. ಮಲೇಷ್ಯಾ ವಿರುದ್ಧದ ಮೊದಲ ಪಂದ್ಯದಲ್ಲಿ ಅಶ್ವಿನಿ ಹಾಗೂ ಆಗಿನ್ನೂ 17ರ ಹರೆಯದ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ, ರಿಯೊ ಒಲಿಂಪಿಕ್ಸ್‌ನ ಬೆಳ್ಳಿ ವಿಜೇತ ಜೋಡಿ ಚಾನ್ ಪೆಂಗ್ ಸೂನ್ ಮತ್ತು ಗೊ ಲಿಯು ಯಿಂಗ್ ಅವರನ್ನು ಮೂರು ಗೇಮ್‌ಗಳಲ್ಲಿ ಸೋಲಿಸಿದರು. ಆ ಆರಂಭದ ಬಲದಿಂದ ಭಾರತ 3-1ರಿಂದ ಗೆದ್ದು ಮಿಶ್ರ ತಂಡ ವಿಭಾಗದಲ್ಲಿ ಮೊದಲ ಬಾರಿಗೆ ಚಿನ್ನ ಪಡೆಯಿತು.

2021ರ ಜನವರಿಯಲ್ಲಿ ಥಾಯ್ಲೆಂಡಿನ ಸೂಪರ್ 1000 ಟೂರ್ನಿಯಲ್ಲಿ ಇದೇ ಮಿಶ್ರ ಜೋಡಿ ಸೆಮಿಫೈನಲ್ ತಲುಪಿತು. ಆದರೆ ಪುರುಷರ ಡಬಲ್ಸ್‌ನಲ್ಲಿ ಚಿರಾಗ್ ಶೆಟ್ಟಿ ಜೊತೆ ಬೆಳೆಯುತ್ತಿದ್ದ ಸಾತ್ವಿಕ್ ಅತ್ತ ಗಮನ ಕೇಂದ್ರೀಕರಿಸಿದಂತೆ ಆ ಜೋಡಿಯೂ ಮುಂದುವರಿಯಲಿಲ್ಲ. ಸಾತ್ವಿಕ್ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನವೇ. ಅಶ್ವಿನಿಗೆ ಮಾತ್ರ ಕಟ್ಟಿದ ಇನ್ನೊಂದು ಮನೆ ಬಿಟ್ಟಂತಾಯಿತು. ಕೋವಿಡ್‌ನಿಂದಾಗಿ ಅರ್ಹತಾ ಟೂರ್ನಿಗಳು ರದ್ದಾದ ಟೋಕಿಯೊ ಒಲಿಂಪಿಕ್ಸ್‌ಗೆ ಭಾರತದ ಯಾವ ಮಹಿಳಾ ಡಬಲ್ಸ್ ಜೋಡಿಯೂ ಹೋಗಲಿಲ್ಲ.

2023ರಲ್ಲಿ ಮೂರನೆಯ ಅಧ್ಯಾಯ. ಹೊಸ ಜೊತೆಗಾರ್ತಿ ತನಿಶಾ ಕ್ರಾಸ್ಟೊ ದುಬೈಯಲ್ಲಿ ಹುಟ್ಟಿದವರು, ಅಶ್ವಿನಿಗಿಂತ ಸುಮಾರು 14 ವರ್ಷ ಕಿರಿಯರು. ಇಬ್ಬರೂ ಅದೇ ವರ್ಷ ನಾಂಟ್ ಇಂಟರ್‌ನ್ಯಾಷನಲ್, ಅಬುಧಾಬಿ ಮಾಸ್ಟರ್ಸ್ ಮತ್ತು ಗುವಾಹಟಿ ಮಾಸ್ಟರ್ಸ್ ಗೆದ್ದರು; ಲಖನೌದ ಸೈಯದ್ ಮೋದಿ ಟೂರ್ನಿಯಲ್ಲಿ ಎರಡನೆಯ ಸ್ಥಾನ ಪಡೆದರು. 2024ರ ಫೆಬ್ರುವರಿಯಲ್ಲಿ ಏಷ್ಯಾ ತಂಡ ಚಾಂಪಿಯನ್‌ಷಿಪ್‌ನಲ್ಲಿ ಮೊದಲ ಚಿನ್ನ ಗೆದ್ದ ಭಾರತದ ಮಹಿಳಾ ತಂಡದಲ್ಲಿದ್ದರು. ಎರಡೂ ಜೋಡಿಗಳು ಮೊದಲ ಎಂಟರೊಳಗೆ ಇದ್ದರೆ ಮಾತ್ರ ಒಂದು ದೇಶಕ್ಕೆ ಒಲಿಂಪಿಕ್ಸ್‌ನಲ್ಲಿ ಎರಡು ಜೋಡಿಗಳ ಅವಕಾಶ. ಆದ್ದರಿಂದ ಭಾರತಕ್ಕಿದ್ದ ಒಂದೇ ಸ್ಥಾನಕ್ಕಾಗಿ ಅವರು ಆಲ್ ಇಂಗ್ಲೆಂಡ್ ಟೂರ್ನಿಯಲ್ಲಿ ಎರಡು ಬಾರಿ ಸೆಮಿಫೈನಲ್ ತಲುಪಿದ್ದ ತ್ರೀಸಾ ಜೋಲಿ ಮತ್ತು ಗಾಯತ್ರಿ ಗೋಪಿಚಂದ್ ಜೋಡಿಯನ್ನು ಹಿಂದಿಕ್ಕಬೇಕಾಯಿತು. 34ನೆಯ ವಯಸ್ಸಿನಲ್ಲಿ, ಒಂದೂವರೆ ವರ್ಷಕ್ಕಿಂತ ಕಡಿಮೆ ಅವಧಿಯಲ್ಲಿ ಹೊಸ ಜೋಡಿಯೊಂದನ್ನು ಅಲ್ಲಿಗೆ ಒಯ್ದದ್ದು ಸಣ್ಣ ಸಾಧನೆಯಲ್ಲ.

ಒಂದೂವರೆ ಕೋಟಿಯ ಒಗಟು

ಇಷ್ಟು ಹಿನ್ನೆಲೆಯೊಂದಿಗೆ ಪ್ಯಾರಿಸ್ ನಂತರದ ವಿವಾದವನ್ನು ನೋಡಬೇಕು. ಪ್ರಕಟವಾದ ಅಂಕಿಅಂಶಗಳ ಪ್ರಕಾರ ಒಲಿಂಪಿಕ್ ಪದಕ ಯೋಜನೆಯಾದ ‘ಟಾಪ್ಸ್’ ಅಡಿ ಅಶ್ವಿನಿಗೆ ಸಂದದ್ದು ನಾಲ್ಕೂವರೆ ಲಕ್ಷ ರೂಪಾಯಿ. ಉಳಿದ ಸುಮಾರು 1.48 ಕೋಟಿ ರೂಪಾಯಿ ವಾರ್ಷಿಕ ತರಬೇತಿ ಮತ್ತು ಸ್ಪರ್ಧಾ ಕ್ಯಾಲೆಂಡರ್ ಬಾಬ್ತಿನದು. ಕ್ರೀಡಾ ಸಂಸ್ಥೆಗಳ ಶಿಬಿರ, ಪ್ರವಾಸ, ಟೂರ್ನಿಗಳಿಗೆ ತಂಡದ ಮಟ್ಟದಲ್ಲಿ ಆಗುವ ವೆಚ್ಚಗಳು ಈ ಬಾಬ್ತಿನಡಿ ಬರುತ್ತವೆ. ಅಶ್ವಿನಿಯವರ ವಾದ ಸ್ಪಷ್ಟವಿತ್ತು: 2023ರ ನವೆಂಬರಿನವರೆಗೆ ತಾವು ಸ್ವಂತ ಖರ್ಚಿನಲ್ಲಿ ಆಡಿದ್ದಾಗಿಯೂ, ತಾವು ಕೇಳಿದ ತರಬೇತುದಾರರನ್ನು ಕೊಡಲಿಲ್ಲವೆಂದೂ, ಅರ್ಹತೆ ಗಳಿಸಿದ ಬಳಿಕವಷ್ಟೇ ಟಾಪ್ಸ್ ಪಟ್ಟಿಗೆ ಸೇರಿಸಲಾಯಿತೆಂದೂ ಅವರು ಹೇಳಿದರು. ಹಣ ಸಿಗದಿದ್ದುದಕ್ಕಿಂತ, ಸಿಕ್ಕಿತೆಂದು ಸಾರಿದ್ದು ಅವರನ್ನು ಹೆಚ್ಚು ನೋಯಿಸಿತ್ತು.

ಕಾಗದದ ಮೇಲಿನ ವೆಚ್ಚ ಮತ್ತು ಆಟಗಾರ್ತಿಯ ಅನುಭವ ಎರಡೂ ಏಕಕಾಲಕ್ಕೆ ನಿಜವಾಗಿರುವುದು ಸಾಧ್ಯ. ತಂಡಕ್ಕಾಗಿ ಮಾಡಿದ ಖರ್ಚನ್ನು ತಲೆಗಿಷ್ಟೆಂದು ಬರೆದಾಗ ಲೆಕ್ಕ ಸರಿಹೋಗುತ್ತದೆ. ಆದರೆ ಹೊಸ ಜೋಡಿಗೆ ಅತ್ಯಗತ್ಯವಾದದ್ದು ಆರಂಭದ ತಿಂಗಳುಗಳ ನೆರವು ಮತ್ತು ಅಂಗಣದ ಅಂಚಿನಲ್ಲಿ ಕುಳಿತು ತಪ್ಪು ತಿದ್ದುವ ಒಬ್ಬ ಡಬಲ್ಸ್ ತರಬೇತುದಾರ. ಪಟ್ಟಿಯಲ್ಲಿ ಮೇಲೇರಿದ ನಂತರ ನೆರವು ಎಂಬ ನಿಯಮ ಸಿಂಗಲ್ಸ್ ಆಟಗಾರರಿಗೆ ಹೊಂದಬಹುದು. ಪ್ರತಿ ಬಾರಿ ಜೋಡಿ ಮುರಿದಾಗಲೂ ಪಟ್ಟಿಯ ತಳಕ್ಕೆ ಬೀಳುವವರಿಗೆ ಅದು ಶಿಕ್ಷೆಯಾಗಿ ಪರಿಣಮಿಸುತ್ತದೆ.

ಬಹುಮಾನದ ಹಣವೂ ಈ ಕೊರತೆಯನ್ನು ತುಂಬುವಷ್ಟಿಲ್ಲ. ಒಟ್ಟು ಒಂದು ಲಕ್ಷ ಡಾಲರ್ ಬಹುಮಾನದ ಸೂಪರ್ 100 ಟೂರ್ನಿಯಲ್ಲಿ ಸಿಂಗಲ್ಸ್ ವಿಜೇತರಿಗೆ ಸುಮಾರು 7,500 ಡಾಲರ್ ದೊರೆತರೆ, ಡಬಲ್ಸ್ ಜೋಡಿಗೆ ಒಟ್ಟಾಗಿ ಸಿಗುವುದು ಸುಮಾರು 7,900 ಡಾಲರ್. ಹಂಚಿಕೊಂಡರೆ ತಲಾ ನಾಲ್ಕು ಸಾವಿರಕ್ಕೂ ಕಡಿಮೆ. ವಿಮಾನದ ಟಿಕೆಟ್ಟಿಗೆ ಮಾತ್ರ ಇಬ್ಬರಿಗೂ ಪೂರ್ತಿ ಬೆಲೆ.

ಪದಕದ ಗಣಿತ

ಇನ್ನೊಂದು ಮಗ್ಗುಲಿನ ವಾದವನ್ನು ತಳ್ಳಿಹಾಕುವಂತಿಲ್ಲ. ಬ್ಯಾಡ್ಮಿಂಟನ್‌ನಲ್ಲಿ ಭಾರತ ಗೆದ್ದ ಮೂರು ಒಲಿಂಪಿಕ್ ಪದಕಗಳೂ ಮಹಿಳಾ ಸಿಂಗಲ್ಸ್‌ನವು: 2012ರಲ್ಲಿ ಸೈನಾ ಕಂಚು, 2016ರಲ್ಲಿ ಸಿಂಧು ಬೆಳ್ಳಿ, ಟೋಕಿಯೊದಲ್ಲಿ ಸಿಂಧು ಕಂಚು. ರಿಯೊ ಮತ್ತು ಪ್ಯಾರಿಸ್‌ಗಳಲ್ಲಿ ಅಶ್ವಿನಿಯ ಜೋಡಿಗಳು ಆಡಿದ ಆರೂ ಪಂದ್ಯಗಳನ್ನು ಸೋತವು. ಸೀಮಿತ ಹಣ ಫಲ ಕೊಡುವ ಕಡೆಗೆ ಹರಿಯುವುದು ಸಹಜವೆಂದು ಯಾರಾದರೂ ಹೇಳಿದರೆ ಅದು ಅನ್ಯಾಯದ ಮಾತಲ್ಲ.

ಆದರೆ ಗಣಿತವನ್ನು ಪೂರ್ತಿ ಮಾಡಬೇಕು. ಒಲಿಂಪಿಕ್ಸ್‌ನ ಐದು ಬ್ಯಾಡ್ಮಿಂಟನ್ ವಿಭಾಗಗಳಲ್ಲಿ ಮೂರು ಡಬಲ್ಸ್‌ನವು. ಸುದಿರ್ಮನ್ ಕಪ್ ಮಾದರಿಯ ಮಿಶ್ರ ತಂಡ ಸ್ಪರ್ಧೆಯಲ್ಲಿ ಐದರಲ್ಲಿ ಮೂರು ಪಂದ್ಯಗಳು, ಥಾಮಸ್ ಮತ್ತು ಊಬರ್ ಕಪ್‌ಗಳಲ್ಲಿ ಐದರಲ್ಲಿ ಎರಡು ಪಂದ್ಯಗಳು ಡಬಲ್ಸ್‌ನವು. ಡಬಲ್ಸ್ ಬಿಟ್ಟ ದೇಶ ಅರ್ಧಕ್ಕಿಂತ ಹೆಚ್ಚು ಪದಕಗಳನ್ನು ಆಡುವ ಮೊದಲೇ ಬಿಟ್ಟುಕೊಟ್ಟಂತೆ.

ಹೂಡಿದರೆ ಫಲ ಬರುತ್ತದೆ ಎಂಬುದಕ್ಕೂ ದೂರದ ಉದಾಹರಣೆ ಬೇಕಿಲ್ಲ. 2015ರಲ್ಲಿ ಮಲೇಷ್ಯಾದ ಟಾನ್ ಕಿಮ್ ಹರ್ ಅವರನ್ನು ಭಾರತ ಡಬಲ್ಸ್ ತರಬೇತುದಾರರನ್ನಾಗಿ ನೇಮಿಸಿತು. ಸಾತ್ವಿಕ್ ಮತ್ತು ಚಿರಾಗ್ ಅವರನ್ನು ಒಂದುಗೂಡಿಸಿದವರು ಅವರೇ. ಅವರ ಬಳಿಕ ಡೆನ್ಮಾರ್ಕಿನ ಮಥಿಯಾಸ್ ಬೋ ಈ ಜೋಡಿಯ ಹೊಣೆ ಹೊತ್ತರು. ಪ್ಯಾರಿಸ್ ನಂತರ ಬೋ ನಿರ್ಗಮಿಸಿದಾಗ ಟಾನ್ ಮರಳಿದರು. ಇಬ್ಬರು ಆಟಗಾರರನ್ನು ವರ್ಷಗಟ್ಟಲೆ ಒಟ್ಟಿಗೇ ಇರಿಸಿ, ಅವರಿಗೆಂದೇ ತರಬೇತುದಾರರನ್ನು ಕೊಟ್ಟದ್ದರ ಫಲ ಎಲ್ಲರಿಗೂ ತಿಳಿದಿದೆ: 2022ರ ಥಾಮಸ್ ಕಪ್, ಅದೇ ವರ್ಷ ಕಾಮನ್‌ವೆಲ್ತ್ ಚಿನ್ನ ಹಾಗೂ ವಿಶ್ವ ಚಾಂಪಿಯನ್‌ಷಿಪ್ ಕಂಚು, 2023ರ ಏಷ್ಯನ್ ಕ್ರೀಡಾಕೂಟದ ಚಿನ್ನ ಮತ್ತು ವಿಶ್ವದ ಅಗ್ರಸ್ಥಾನ. ಪ್ಯಾರಿಸ್‌ನಲ್ಲಿ ಪದಕ ತಪ್ಪಿದರೂ 2025ರಲ್ಲಿ ಅವರು ಮತ್ತೊಂದು ವಿಶ್ವ ಕಂಚು ಗೆದ್ದರು. ಜ್ವಾಲಾ ಮತ್ತು ಅಶ್ವಿನಿ 2011ರಲ್ಲಿ ಅದೇ ಪದಕ ಗೆದ್ದಾಗ ಅವರ ಹಿಂದೆ ಇಂತಹ ವ್ಯವಸ್ಥೆ ಇರಲಿಲ್ಲ.

ಮಾಡಬೇಕಾದದ್ದು

ಪರಿಹಾರ ಅಸಾಧ್ಯವಾದದ್ದೇನಲ್ಲ. ನೆರವಿನ ಪಟ್ಟಿಯಲ್ಲಿ ಡಬಲ್ಸ್ ಜೋಡಿಯನ್ನು ಒಂದೇ ಘಟಕವಾಗಿ ಪರಿಗಣಿಸಬೇಕು. ಅನುಭವಿ ಆಟಗಾರರು ಹೊಸ ಜೊತೆಗಾರರೊಂದಿಗೆ ಆರಂಭಿಸುವಾಗ ಮೊದಲ ಹನ್ನೆರಡು ತಿಂಗಳ ಟೂರ್ನಿ ವೆಚ್ಚವನ್ನು ಫಲಿತಾಂಶಕ್ಕೆ ಕಾಯದೆ ಭರಿಸಬೇಕು. ಮಹಿಳಾ ಡಬಲ್ಸ್‌ಗೆ ಪ್ರತ್ಯೇಕ ತರಬೇತುದಾರರು ಖಾಯಂ ಆಗಿ ಇರಬೇಕು. ವೆಚ್ಚದ ಪಟ್ಟಿ ಪ್ರಕಟಿಸುವಾಗ ಆಟಗಾರ್ತಿಯ ಕೈಸೇರಿದ ಹಣವೆಷ್ಟು, ತಂಡದ ಪಾಲೆಷ್ಟು ಎಂಬುದನ್ನು ಬೇರೆಬೇರೆಯಾಗಿ ತೋರಿಸಬೇಕು.

ಕರ್ನಾಟಕಕ್ಕೂ ಇದರಲ್ಲಿ ಪಾಲಿದೆ. ಪ್ರಕಾಶ್ ಪಡುಕೋಣೆ 1994ರಲ್ಲಿ ಅಕಾಡೆಮಿ ಸ್ಥಾಪಿಸಿದ ಬೆಂಗಳೂರು, ದೇಶದ ಬ್ಯಾಡ್ಮಿಂಟನ್‌ನ ಹಳೆಯ ನೆಲೆ. ಸಿಂಗಲ್ಸ್‌ನಲ್ಲಿ ನಿಲ್ಲಲಾಗದವರಿಗೆ ಡಬಲ್ಸ್ ಎಂಬ ಪೋಷಕರ ಭಾವನೆ ಈ ನಗರದ ಅಂಗಣಗಳಲ್ಲಿಯೂ ಇದೆ. ವಿಶ್ವ ಪದಕವೊಂದು, ಕಾಮನ್‌ವೆಲ್ತ್‌ನ ಎರಡು ಚಿನ್ನ, ಮೂರು ಒಲಿಂಪಿಕ್ಸ್: ಇಷ್ಟನ್ನು ಡಬಲ್ಸ್ ಒಂದರಿಂದಲೇ ಗಳಿಸಿದ ಆಟಗಾರ್ತಿ ಕಣ್ಣೆದುರಿಗೇ ಇರುವಾಗ ಆ ಭಾವನೆಗೆ ಆಧಾರವಿಲ್ಲ. ಪ್ಯಾರಿಸ್‌ನಿಂದ ಮರಳಿದ ವರ್ಷದ ಕೊನೆಯಲ್ಲಿಯೇ ಅಶ್ವಿನಿ, ತನಿಶಾ ಜೊತೆ ಗುವಾಹಟಿ ಪ್ರಶಸ್ತಿಯನ್ನು ಉಳಿಸಿಕೊಂಡರು. ಅವರ ನಂತರ ಬರುವ ಹುಡುಗಿಯರು ಪ್ರತಿ ಸಲವೂ ಸೊನ್ನೆಯಿಂದ ಆರಂಭಿಸುವಂತಾಗಬಾರದು. ಆ ಹೊಣೆ ಆಟಗಾರ್ತಿಯರದಲ್ಲ, ವ್ಯವಸ್ಥೆಯದು.